‘ಪಿಕ್ ಅಪ್’ ಅರ್ಥವಾಗಬೇಕಾದರೆ ನಮ್ಮ ‘ಹಿಡಿ’ ಕಡೆ ನೋಡಿ

(ದಾವಣಗೆರೆಯಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಹೈಸ್ಕೂಲು ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

‘ಪಿಕಪ್’ ಅನ್ನುವ ಮಾತನ್ನು ದಾವಣಗೆರೆಯವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಚೀಲ ಹೇರಿಕೊಂಡು ನಿಂತಿರುವುದು ಪಿಕಪ್ ಗಾಡಿ. ಹಳೇ ಬೈಕ್ ಕೊಳ್ಳುವಾಗ ನಾವು ಮೊದಲು ಕೇಳುವುದು ‘ಪಿಕಪ್ ಹೆಂಗಿದೆ?’ ಅಂತ. ಬೆಂಗಳೂರಿಗೆ ಸ್ಲೀಪರ್ ಬಸ್ ಬುಕ್ ಮಾಡಿದರೆ ಪಿಕಪ್ ಪಾಯಿಂಟ್ ಎಲ್ಲಿ ಅಂತ ಮೊಬೈಲಿಗೆ ಮೆಸೇಜ್ ಬರುತ್ತದೆ. ದೀಪಾವಳಿ ಹತ್ತಿರ ಬಂದರೆ ಬಟ್ಟೆ ಅಂಗಡಿಯವರು ‘ಈಗ ಸ್ವಲ್ಪ ಪಿಕಪ್ ಆಗಿದೆ ವ್ಯಾಪಾರ’ ಅನ್ನುತ್ತಾರೆ. ನಾಲ್ಕು ಕಡೆ ನಾಲ್ಕು ಅರ್ಥ. ಒಂದು ಕಡೆಯೂ ನಾವು ತಡವರಿಸುವುದಿಲ್ಲ.

ಅದೇ ನಮ್ಮ ಹುಡುಗರ ಮುಂದೆ ‘ದ ವಿಂಡ್ ಪಿಕ್ಡ್ ಅಪ್’ ಅನ್ನುವ ವಾಕ್ಯ ಇಟ್ಟು ನೋಡಿ. ‘ಗಾಳಿ ಎತ್ತಿಕೊಂಡಿತು’ ಅಂತ ಬರೆಯುತ್ತಾರೆ. ಏನನ್ನು ಎತ್ತಿಕೊಂಡಿತು ಅಂತ ಕೇಳಿದರೆ ಪೆನ್ನು ನಿಲ್ಲುತ್ತದೆ. ಯಾಕೆಂದರೆ ನೋಟ್‌ಬುಕ್ಕಿನಲ್ಲಿ ‘ಪಿಕ್ ಅಪ್ ಅಂದರೆ ಎತ್ತು’ ಅಂತ ಒಂದೇ ಸಾಲು ಇದೆ. ಆ ಸಾಲು ಸುಳ್ಳಲ್ಲ, ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಗಾಳಿ ಜೋರಾಯಿತು ಅನ್ನುವುದಷ್ಟೇ ಆ ವಾಕ್ಯದ ಅರ್ಥ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡಿದ್ದೀರಲ್ಲ, ಮಧ್ಯಾಹ್ನ ಮೆಲ್ಲಗೆ ತಿರುಗುತ್ತಿದ್ದ ರೆಕ್ಕೆಗಳು ಸಂಜೆ ಹೊತ್ತಿಗೆ ಜೋರಾಗಿ ತಿರುಗತೊಡಗಿದರೆ, ‘ದ ವಿಂಡ್ ಹ್ಯಾಸ್ ಪಿಕ್ಡ್ ಅಪ್’ ಅನ್ನಬಹುದು.

ಇಂಗ್ಲಿಷ್‌ನಲ್ಲಿ ಇಂಥವನ್ನು ಫ್ರೇಸಲ್ ವರ್ಬ್ ಅನ್ನುತ್ತಾರೆ. ಒಂದು ಚಿಕ್ಕ ಕ್ರಿಯಾಪದ, ಅದರ ಬೆನ್ನಿಗೆ ಅಪ್, ಆಫ್, ಔಟ್, ಡೌನ್ ಥರದ ಒಂದು ಪುಟ್ಟ ಪದ. ಎರಡೂ ಸೇರಿದರೆ ಮೂರನೆಯದೇ ಒಂದು ಅರ್ಥ. ಇದು ಕಷ್ಟ ಅನ್ನಿಸಿದರೆ ಯಾರೂ ನಾಚಿಕೊಳ್ಳಬೇಕಾಗಿಲ್ಲ. 1755ರಲ್ಲಿ ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ದೊಡ್ಡದೊಂದು ಇಂಗ್ಲಿಷ್ ನಿಘಂಟು ಹೊರತಂದರು. ಅದರ ಮುನ್ನುಡಿಯಲ್ಲಿ ಅವರು ಈ ಜಾತಿಯ ಮಾತುಗಳನ್ನು ಬೇರೆಯಾಗಿ ಎತ್ತಿ ಹೇಳುತ್ತಾರೆ. ಇವು ಇಂಗ್ಲಿಷ್‌ನಲ್ಲಿ ಬೇರೆ ಭಾಷೆಗಳಿಗಿಂತ ಜಾಸ್ತಿ ಇವೆಯೇನೋ, ಹೊರಗಿನವರಿಗೆ ಎಲ್ಲಕ್ಕಿಂತ ಹೆಚ್ಚು ಕಷ್ಟ ಕೊಡುವುದೂ ಇವೇ, ಅದಕ್ಕೇ ಇವನ್ನು ತುಂಬಾ ಎಚ್ಚರದಿಂದ ಗುರುತು ಹಾಕಿದ್ದೇನೆ ಅನ್ನುತ್ತಾರೆ. ಆಗ ಇವಕ್ಕೆ ಈ ಹೆಸರು ಇರಲಿಲ್ಲ. ‘ಫ್ರೇಸಲ್ ವರ್ಬ್’ ಅನ್ನುವ ಹೆಸರನ್ನು ಜನಕ್ಕೆ ಪರಿಚಯ ಮಾಡಿಸಿದ್ದು 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ಅನ್ನುವ ಲೇಖಕರು. ಅದನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾಗಿದ್ದ ಹೆನ್ರಿ ಬ್ರಾಡ್ಲಿ. ಹೆಸರಿಗಿಂತ ಮೊದಲೇ ಕಷ್ಟ ಇತ್ತು ಅಂತಾಯಿತು.

ಇಂಥವು ಸಾವಿರಾರು ಇರುವಾಗ ‘ಪಿಕ್ ಅಪ್’ ಒಂದನ್ನೇ ಯಾಕೆ ಹಿಡಿದುಕೊಂಡೆ ಅಂದರೆ, ಇದು ಅಷ್ಟು ಹೆಚ್ಚು ಬಳಕೆಯಲ್ಲಿದೆ. ಬ್ರಿಟಿಷರ ಮಾತು ಮತ್ತು ಬರಹದಿಂದ ಹತ್ತು ಕೋಟಿ ಪದ ಕೂಡಿಸಿಟ್ಟ ಒಂದು ಭಂಡಾರವಿದೆ, ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಅಂತ. 2007ರಲ್ಲಿ ಡೀ ಗಾರ್ಡ್ನರ್ ಮತ್ತು ಮಾರ್ಕ್ ಡೇವಿಸ್ ಅನ್ನುವ ಇಬ್ಬರು ಭಾಷಾ ಸಂಶೋಧಕರು ಅದರಲ್ಲಿರುವ ಫ್ರೇಸಲ್ ವರ್ಬ್‌ಗಳನ್ನು ಎಣಿಸಿದರು. ಗೋ ಆನ್, ಕ್ಯಾರಿ ಔಟ್, ಸೆಟ್ ಅಪ್ ಇವುಗಳ ಜೊತೆಯಲ್ಲೇ ತೀರಾ ಮೇಲಿನ ಸಾಲಿನಲ್ಲಿ ಪಿಕ್ ಅಪ್ ಇದೆ. ಇಂಗ್ಲಿಷ್ ಸುದ್ದಿ ಕೇಳುವವರು, ಸಿನಿಮಾ ನೋಡುವವರು, ಹೊರದೇಶದವರ ಜೊತೆ ಫೋನಿನಲ್ಲಿ ಕೆಲಸ ಮಾಡುವವರು ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಇಂಗ್ಲಿಷನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನಮ್ಮ ‘ಹಿಡಿ’ ನೋಡೋಣ. ಬಸ್ ಹಿಡಿಯುತ್ತೇವೆ. ಕೊಡ ಇಟ್ಟು ನೀರು ಹಿಡಿಯುತ್ತೇವೆ. ಮಳೆ ಹಿಡಿಯುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಒಲೆ ಮೇಲಿಟ್ಟು ಮರೆತರೆ ಹಾಲು ತಳ ಹಿಡಿಯುತ್ತದೆ. ಜಗಳದಲ್ಲಿ ಒಬ್ಬ ಪಟ್ಟು ಹಿಡಿಯುತ್ತಾನೆ. ಈ ಚೀಲ ಎಷ್ಟು ಕೆಜಿ ಹಿಡಿಯುತ್ತೆ ಅಂತ ಕೇಳುತ್ತೇವೆ. ಕೆಲಸಕ್ಕೆ ಎರಡು ದಿನ ಹಿಡಿಯುತ್ತದೆ. ‘ಆ ಹುಡುಗಿ ನಮ್ಮ ಅವ್ವಗೆ ಹಿಡಿಸಿದಳು’ ಅಂದರೆ ಇಷ್ಟವಾದಳು ಅಂತ. ಪೊಲೀಸರು ಕಳ್ಳನನ್ನು ಹಿಡಿಯುತ್ತಾರೆ, ನಾಯಿ ಜಾಡು ಹಿಡಿಯುತ್ತದೆ, ಹುಣಿಸೆ ಮರಕ್ಕೆ ದೆವ್ವ ಹಿಡಿದಿದೆ ಅಂತ ಅಜ್ಜಿ ಹೆದರಿಸುತ್ತಾಳೆ. ಇಷ್ಟು ಅರ್ಥಗಳನ್ನು ನಿಮಗೆ ಯಾರು ಹೇಳಿಕೊಟ್ಟರು? ಯಾರೂ ಪಟ್ಟಿ ಮಾಡಿ ಬಾಯಿಪಾಠ ಮಾಡಿಸಲಿಲ್ಲ. ‘ಹಿಡಿ’ ಒಂದನ್ನೇ ಕೇಳಿಸಿಕೊಂಡು ನಾವು ಅರ್ಥ ಮಾಡಿಕೊಳ್ಳುವುದಿಲ್ಲ. ಹಿಡಿದದ್ದು ಯಾರು, ಹಿಡಿದದ್ದು ಏನನ್ನು, ಇವೆರಡನ್ನು ನೋಡುತ್ತೇವೆ. ಮಳೆ ಬಂದರೆ ಒಂದು ಅರ್ಥ, ತುಕ್ಕು ಬಂದರೆ ಇನ್ನೊಂದು. ಅಕ್ಕಪಕ್ಕದ ಪದ ಬರುವ ಹೊತ್ತಿಗೆ ಅರ್ಥ ಆಗಲೇ ಬಂದಿರುತ್ತದೆ.

ನಾನು ಇವತ್ತು ಹೇಳಬೇಕಾದ ಮಾತು ಇಷ್ಟೇ. ‘ಹಿಡಿ’ಗೆ ನೀವು ಮಾಡುವುದನ್ನೇ ‘ಪಿಕ್ ಅಪ್’ಗೂ ಮಾಡಿ. ಅದರ ಹೊಟ್ಟೆಯೊಳಗೆ ಅರ್ಥ ಹುಡುಕಬೇಡಿ, ಪಕ್ಕದಲ್ಲಿ ಯಾರು ನಿಂತಿದ್ದಾರೆ ನೋಡಿ.

‘ಹಿಡಿ’ ಒಂದೇ ಪದ, ಅದಕ್ಕೆ ಅಪ್, ಡೌನ್ ಇಲ್ಲವಲ್ಲ ಸಾರ್ ಅಂತ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಇಂಗ್ಲಿಷರು ಕ್ರಿಯಾಪದದ ಬೆನ್ನಿಗೆ ಪುಟ್ಟ ಪದ ಹಾಕುತ್ತಾರೆ, ನಾವು ಇನ್ನೊಂದು ಕ್ರಿಯಾಪದವನ್ನೇ ಹಾಕುತ್ತೇವೆ. ‘ಮಾಡು’ ತೆಗೆದುಕೊಳ್ಳಿ. ಮಾಡಿಕೊಡು, ಮಾಡಿಕೊ, ಮಾಡಿಬಿಡು, ಮಾಡಿನೋಡು, ಮಾಡಿಡು. ಕೆಲಸ ಒಂದೇ, ಆದರೆ ಯಾರಿಗಾಗಿ, ಎಷ್ಟು ಬೇಗ, ಮುಂದಕ್ಕೆ ಬೇಕಾಗುತ್ತದೆ ಅಂತಲೋ, ಸುಮ್ನೆ ಪರೀಕ್ಷೆ ಮಾಡಲಿಕ್ಕೋ, ಎಲ್ಲವೂ ಆ ಬಾಲದಲ್ಲಿದೆ. ಕನ್ನಡ ಕಲಿಯುತ್ತಿರುವ ಹೊರಗಿನವರೊಬ್ಬರು ‘ಅವನು ಬಂದುಬಿಟ್ಟ’ ಅನ್ನುವುದನ್ನು ಬಿಡಿಸಿ ನೋಡಿದರೆ ಏನು ಕೇಳಬಹುದು ಹೇಳಿ? ಬಂದ, ಸರಿ. ಏನನ್ನು ಬಿಟ್ಟ? ‘ಇದ್ದ ಬೋಂಡವನ್ನೆಲ್ಲ ತಿಂದುಹಾಕಿದ’ ಅಂದರೆ, ತಿಂದ, ಸರಿ. ಎಲ್ಲಿಗೆ ಹಾಕಿದ? ‘ಗಾಳಿ ಏನನ್ನು ಎತ್ತಿಕೊಂಡಿತು’ ಅಂತ ನಾವು ಕೇಳುವುದೂ ಅದೇ ಥರದ ಪ್ರಶ್ನೆ.

‘ಎತ್ತು’ವಿನದು ಇನ್ನೂ ಸೊಗಸು. ಮಗುವನ್ನು ಎತ್ತಿಕೊ. ಅವನನ್ನು ನನ್ನ ಮೇಲೆ ಎತ್ತಿಕಟ್ಟಬೇಡ. ಸುಮ್ಮಸುಮ್ಮನೆ ಎತ್ತಿ ಆಡಬೇಡ. ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಕೊನೆಯದನ್ನು ನೋಡಿ. ಇಂಗ್ಲಿಷ್‌ನಲ್ಲಿ ಅದಕ್ಕೆ ‘ಅಪ್‌ಹೋಲ್ಡ್’ ಅನ್ನುತ್ತಾರೆ. ಅಪ್ ಅಂದರೆ ಮೇಲಕ್ಕೆ, ಹೋಲ್ಡ್ ಅಂದರೆ ಹಿಡಿ. ಪತ್ರಿಕೆಯಲ್ಲಿ ಪ್ರತಿ ವಾರ ಓದುವ ಮಾತು, ಎರಡು ಭಾಷೆ ಒಂದೇ ಚಿತ್ರ ಇಟ್ಟುಕೊಂಡಿವೆ.

ಈಗ ಪಿಕ್ ಅಪ್‌ಗೆ ಬರೋಣ. ಮೊದಲು ‘ಪಿಕ್’ ಒಂದೇ ಇದ್ದರೆ ಏನು, ‘ಅಪ್’ ಸೇರಿದರೆ ಏನು ಅಂತ ಕಣ್ಣಾರೆ ಕಾಣಬೇಕು. ಅದಕ್ಕೆ ಹತ್ತಿ ಹೊಲಕ್ಕಿಂತ ಒಳ್ಳೆಯ ಜಾಗ ಇಲ್ಲ. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಇತ್ತು, ಹತ್ತಿ ಗಿರಣಿಗಳ ದೆಸೆಯಿಂದ. ಗಿಡದಲ್ಲಿ ಕಾಯಿ ಒಡೆದು ಅರಳಿ ನಿಂತಿದೆ. ಹೆಣ್ಣುಮಕ್ಕಳು ಮಡಿಲು ಕಟ್ಟಿಕೊಂಡು, ಬೆರಳು ಒಳಗೆ ಹಾಕಿ, ತೊಟ್ಟಿನ ಮುಳ್ಳು ತಾಗದ ಹಾಗೆ ಹತ್ತಿ ಬಿಡಿಸುತ್ತಾರೆ. ಅದು ‘ಪಿಕ್’. ‘ದೆ ಆರ್ ಪಿಕಿಂಗ್ ಕಾಟನ್’. ಅಲ್ಲಿ ಅಪ್ ಇಲ್ಲ. ಬಿಡಿಸುವಾಗ ಒಂದಿಷ್ಟು ಅರಳೆ ಕೆಳಗೆ ಮಣ್ಣಿಗೆ ಉದುರುತ್ತದೆ. ಬಗ್ಗಿ ಅದನ್ನು ಆಯ್ದುಕೊಂಡರೆ ಅದು ‘ಪಿಕ್ ಅಪ್’. ಚಳ್ಳಕೆರೆ ಕಡೆ ಶೇಂಗಾ ಕಿತ್ತ ಮೇಲೆ ಮಣ್ಣಲ್ಲಿ ಉಳಿದ ಕಾಯಿ ಆಯುತ್ತಾರಲ್ಲ, ಅದೂ ಅಷ್ಟೇ. ಕೆಳಗೆ ಬಿದ್ದದ್ದು, ಯಾರ ಕೈಯಲ್ಲೂ ಇಲ್ಲದ್ದು, ಈಗ ನನ್ನ ಕೈಗೆ ಬಂತು. ಈ ಒಂದು ಚಿತ್ರ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮಿಕ್ಕ ಅರ್ಥಗಳೆಲ್ಲ ಇದರಿಂದಲೇ ಒಂದೊಂದಾಗಿ ಹೊರಟಿವೆ.

ಬಿದ್ದ ಪೆನ್ನು ಎತ್ತಿಕೊಳ್ಳುವುದು ಗೊತ್ತೇ ಇದೆ. ಪೆನ್ನಿನ ಜಾಗದಲ್ಲಿ ಮನುಷ್ಯರನ್ನು ಇಡಿ. ‘ಐ ವಿಲ್ ಪಿಕ್ ಯು ಅಪ್ ಅಟ್ ದ ಸ್ಟೇಷನ್.’ ನಿಮ್ಮ ಅಕ್ಕ ಹುಬ್ಬಳ್ಳಿ ರೈಲಿನಿಂದ ಇಳಿಯುತ್ತಾಳೆ, ನೀವು ಬೈಕ್ ತಗೊಂಡು ಹೋಗಿ ಕರೆತರುತ್ತೀರಿ. ನಾವು ಕನ್ನಡದಲ್ಲಿ ‘ಪಿಕಪ್ ಮಾಡ್ತೀನಿ’ ಅನ್ನುವುದರಿಂದ ಇಂಗ್ಲಿಷ್‌ನಲ್ಲೂ ‘ಐ ವಿಲ್ ಡೂ ಪಿಕಪ್’ ಅಂದುಬಿಡುತ್ತೇವೆ. ಅಲ್ಲಿ ‘ಡೂ’ ಬೇಡ. ಪಿಕ್ ಅನ್ನುವುದೇ ಕ್ರಿಯಾಪದ. ಹಾಗೇ ‘ಡ್ರಾಪ್ ಮಾಡ್ತೀನಿ’ ಅನ್ನುವುದಕ್ಕೆ ‘ಐ ವಿಲ್ ಡ್ರಾಪ್ ಯು ಆಫ್’. ಇನ್ನೊಂದು ಎಚ್ಚರದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸ್ಟೇಷನ್, ಶಾಲೆ, ವಿಮಾನ ನಿಲ್ದಾಣ ಅಂತ ಜಾಗ ಗೊತ್ತಿದ್ದು, ಮೊದಲೇ ಮಾತಾಗಿದ್ದರೆ ಇದು ಕರೆತರುವ ಅರ್ಥ. ಗುರುತು ಪರಿಚಯವೇ ಇಲ್ಲದ ಹುಡುಗಿಯನ್ನು ‘ಪಿಕ್ ಅಪ್’ ಮಾಡಿದ ಅಂದರೆ, ಸಲಿಗೆ ಬೆಳೆಸಿ ಜೊತೆಗೆ ಕರೆದುಕೊಂಡು ಹೋದ ಅಂತ ಅರ್ಥ. ಅಪಾರ್ಥಕ್ಕೆ ದಾರಿಯಾಗುವ ಮಾತು. ಹೊರದೇಶಕ್ಕೆ ಹೋಗುವವರು ತಿಳಿದುಕೊಂಡಿರಬೇಕು.

ಫೋನಿನ ಅರ್ಥದಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ವ್ಯತ್ಯಾಸವೇ ಇಲ್ಲ. ‘ಫೋನ್ ಎತ್ತಲಿಲ್ಲ’ ಅನ್ನುತ್ತೇವೆ, ‘ಹೀ ಡಿಡ್ ನಾಟ್ ಪಿಕ್ ಅಪ್’ ಅನ್ನುತ್ತಾರೆ. ಹಿಂದೆ ಫೋನು ಅಂದರೆ ಮೇಜಿನ ಮೇಲೆ ಕೂತ ಕಪ್ಪು ಪೆಟ್ಟಿಗೆ. ಗಂಟೆ ಹೊಡೆದರೆ ರಿಸೀವರನ್ನು ನಿಜವಾಗಿಯೂ ಮೇಲೆ ಎತ್ತಬೇಕಿತ್ತು. ಈಗ ಗಾಜಿನ ಮೇಲೆ ಬೆರಳು ಸರಿಸುತ್ತೇವೆ, ಎತ್ತುವುದು ಏನೂ ಇಲ್ಲ. ಎರಡೂ ಭಾಷೆ ಹಳೇ ಮಾತನ್ನು ಬಿಡಲಿಲ್ಲ. ಆದರೆ ನಮ್ಮಲ್ಲಿ ಒಂದು ವಿಶೇಷ ನಡೆದಿದೆ. ‘ಎಷ್ಟು ಸಲ ಮಾಡಿದೆ, ಲಿಫ್ಟ್ ಮಾಡ್ಲಿಲ್ಲ’ ಅನ್ನುವುದನ್ನು ದಿನಾ ಕೇಳುತ್ತೀರಿ ಅಲ್ವಾ? ಆ ‘ಲಿಫ್ಟ್’ ನಮ್ಮ ‘ಎತ್ತು’ವೇ, ಇಂಗ್ಲಿಷ್ ಅಂಗಿ ತೊಟ್ಟು ಬಂದಿದೆ. ಕನ್ನಡದೊಳಗೆ ಅದು ಚೆನ್ನಾಗಿಯೇ ಇದೆ, ತೆಗೆದುಹಾಕಬೇಕಾಗಿಲ್ಲ. ಇಂಗ್ಲಿಷ್ ಮಾತಾಡುವಾಗ ಮಾತ್ರ ‘ಪಿಕ್ ಅಪ್’ ಅನ್ನಿ. ಇನ್ನೊಂದು ಗಮನಿಸಿ, ‘ಹೀ ಡಿಡ್ ನಾಟ್ ಪಿಕ್ ಅಪ್’ ಅಂದಾಗ ಫೋನ್ ಅನ್ನುವ ಪದವೇ ಬರಲಿಲ್ಲ. ‘ಅವನು ಎತ್ತಲೇ ಇಲ್ಲ’ ಅಂದರೆ ನಮಗೂ ಸಾಕಾಗುತ್ತದೆ.

ನನಗೆ ತುಂಬಾ ಇಷ್ಟವಾದ ಅರ್ಥ ಇದರ ಮುಂದಿನದು. ಯಾರೂ ಕೂರಿಸಿ ಕಲಿಸದೆ, ನೋಡುತ್ತಾ, ಕೇಳುತ್ತಾ ಬಂದುಬಿಡುವ ವಿದ್ಯೆಗೂ ‘ಪಿಕ್ ಅಪ್’ ಅನ್ನುತ್ತಾರೆ. ಮಂಡಕ್ಕಿ ಭಟ್ಟಿಗಳ ಕಡೆ ಹೋಗಿ ನೋಡಿ. ಒಲೆಯ ಮುಂದೆ ನಿಂತವನಿಗೆ ಮರಳು ಎಷ್ಟು ಕಾಯಬೇಕು, ಅಕ್ಕಿ ಯಾವಾಗ ಹಾಕಬೇಕು, ಅರಳಿದ್ದನ್ನು ಯಾವ ಕ್ಷಣದಲ್ಲಿ ತೆಗೆದು ಜರಡಿಗೆ ಸುರಿಯಬೇಕು ಅಂತ ಯಾರೂ ಪುಸ್ತಕ ಕೊಟ್ಟಿರುವುದಿಲ್ಲ. ದೊಡ್ಡವರ ಪಕ್ಕದಲ್ಲಿ ನಿಂತು ಕಣ್ಣಿಗೆ ಕೈಗೆ ಹತ್ತಿಸಿಕೊಂಡಿರುತ್ತಾನೆ. ‘ಹೀ ಪಿಕ್ಡ್ ಇಟ್ ಅಪ್ ಫ್ರಮ್ ಹಿಸ್ ಅಂಕಲ್.’ ಬೆಣ್ಣೆ ದೋಸೆ ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿದ ಬೇರೆ ರಾಜ್ಯದ ಹುಡುಗ ಕೆಲವೇ ತಿಂಗಳಲ್ಲಿ ‘ಏನ್ ಬೇಕಣ್ಣ, ಖಾಲಿ ದೋಸೆನಾ ಬೆಣ್ಣೆ ದೋಸೆನಾ’ ಅಂತ ಕೇಳುತ್ತಾನೆ. ‘ಹೀ ಹ್ಯಾಸ್ ಪಿಕ್ಡ್ ಅಪ್ ಕನ್ನಡ.’ ದಾರಿಯಲ್ಲಿ ಬಿದ್ದಿದ್ದು ಕೈಗೆ ಸಿಕ್ಕಿತು ಅನ್ನುವ ಚಿತ್ರ ಇಲ್ಲೂ ಇದೆ. ಭಾಷೆ ಬೀದಿಯಲ್ಲಿತ್ತು, ಅವನು ಆಯ್ದುಕೊಂಡ. ಹಾಗಾಗಿಯೇ ಎಲ್ಲ ಕಲಿಕೆಗೂ ಇದು ಒಗ್ಗುವುದಿಲ್ಲ. ವರ್ಷಗಟ್ಟಲೆ ಕಾಲೇಜಿನಲ್ಲಿ ಓದಿದ ವೈದ್ಯಶಾಸ್ತ್ರವನ್ನು ಯಾರೂ ‘ಪಿಕ್ ಅಪ್’ ಮಾಡುವುದಿಲ್ಲ. ಅದು ‘ಸ್ಟಡಿ’.

ಕಲಿತದ್ದು ಒಳ್ಳೆಯದೇ ಆಗಿರಬೇಕಿಲ್ಲ. ಹಾಸ್ಟೆಲಿನಲ್ಲಿ ಸಿಗರೇಟು ಚಟ ಹತ್ತಿತು ಅಂದರೆ ‘ಹೀ ಪಿಕ್ಡ್ ಅಪ್ ದ ಹ್ಯಾಬಿಟ್’. ಜಾತ್ರೆಗೆ ಹೋಗಿ ಬಂದ ಮೇಲೆ ಕೆಮ್ಮು ನೆಗಡಿ ಅಂಟಿತು ಅಂದರೆ ‘ಐ ಪಿಕ್ಡ್ ಅಪ್ ಎ ಕೋಲ್ಡ್’. ಬೇಕಂತ ತಂದುಕೊಂಡದ್ದಲ್ಲ, ಗೊತ್ತಿಲ್ಲದೆ ಜೊತೆಗೆ ಬಂತು. ನಮ್ಮ ಹತ್ತು, ಅಂಟು ಅನ್ನುವ ಎರಡು ಪದ ಇಲ್ಲಿ ಸರಿಯಾಗಿ ಕೂರುತ್ತವೆ.

ಮನೆಗೆ ಹೋಗುತ್ತಾ ಹಾಲು ತಗೊಂಡು ಹೋಗುವುದು, ‘ಪಿಕ್ ಅಪ್ ಸಮ್ ಮಿಲ್ಕ್’. ಹೋಟೆಲಿನಲ್ಲಿ ಎಲ್ಲರ ಬಿಲ್ಲನ್ನೂ ಒಬ್ಬರೇ ಕೊಡುವುದು, ‘ಪಿಕ್ ಅಪ್ ದ ಬಿಲ್’. ಮೇಜಿನ ಮೇಲಿದ್ದ ಬಿಲ್ಲನ್ನು ಯಾರು ಕೈಗೆತ್ತಿಕೊಂಡರೋ ಅವರದ್ದೇ ದುಡ್ಡು. ಇವೆರಡಕ್ಕೆ ಜಾಸ್ತಿ ಹೇಳಬೇಕಾಗಿಲ್ಲ.

ರೇಡಿಯೊ ಸ್ಟೇಷನ್ ಹಿಡಿಯುತ್ತದೆ, ಮೊಬೈಲ್ ಸಿಗ್ನಲ್ ಹಿಡಿಯುತ್ತದೆ, ನಾಯಿ ವಾಸನೆ ಹಿಡಿಯುತ್ತದೆ. ಮೂರಕ್ಕೂ ಇಂಗ್ಲಿಷ್‌ನಲ್ಲಿ ಪಿಕ್ ಅಪ್. ಗ್ರಾಮಫೋನಿನ ತಟ್ಟೆಯ ಮೇಲೆ ಮುಳ್ಳು ಇರುವ ಭಾಗಕ್ಕೂ, ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಕೂರಿಸಿದ ಅಯಸ್ಕಾಂತದ ಭಾಗಕ್ಕೂ ಪಿಕಪ್ ಅಂತಲೇ ಹೆಸರು. ತಂತಿಯ ಕಂಪನವನ್ನು ಹಿಡಿಯುವುದು ಅದರ ಕೆಲಸ. ಈಗ ನನ್ನ ಮುಂದಿರುವ ಮೈಕು ಫ್ಯಾನಿನ ಸದ್ದನ್ನೂ ಸೇರಿಸಿಕೊಳ್ಳುತ್ತಿದೆ, ಅದೂ ‘ಪಿಕಿಂಗ್ ಅಪ್’. ಇದರಿಂದಲೇ ಮನುಷ್ಯರ ವಿಷಯಕ್ಕೂ ಬಂತು. ಯಾರೂ ಬಾಯಿ ಬಿಟ್ಟು ಹೇಳದಿದ್ದರೂ ಮನೆಯಲ್ಲಿ ಏನೋ ಸರಿ ಇಲ್ಲ ಅಂತ ಮಕ್ಕಳು ಗ್ರಹಿಸುತ್ತಾರಲ್ಲ, ಅದಕ್ಕೆ ‘ಪಿಕ್ ಅಪ್ ಆನ್’. ಇಲ್ಲಿ ಬಾಲಕ್ಕೆ ಇನ್ನೊಂದು ಬಾಲ, ‘ಆನ್’. ‘ಚಿಲ್ಡ್ರನ್ ಪಿಕ್ ಅಪ್ ಆನ್ ದೀಸ್ ಥಿಂಗ್ಸ್.’ ತಾಯಂದಿರಿಗೆ ಇದು ಚೆನ್ನಾಗಿ ಗೊತ್ತಿರುವ ಸಂಗತಿ.

ಇನ್ನು ಪೊಲೀಸರ ಅರ್ಥ. ‘ದ ಪೊಲೀಸ್ ಪಿಕ್ಡ್ ಹಿಮ್ ಅಪ್ ಲಾಸ್ಟ್ ನೈಟ್.’ ಪೊಲೀಸರು ಕಾರಿನಲ್ಲಿ ಡ್ರಾಪ್ ಕೊಡಲು ಬಂದಿದ್ದರು ಅಂತಲ್ಲ. ರಾತ್ರಿ ಹಿಡಿದುಕೊಂಡು ಹೋದರು. ಇದಕ್ಕೆ ನಮ್ಮ ಜನ ಏನನ್ನುತ್ತಾರೆ? ‘ರಾತ್ರಿ ಪೊಲೀಸ್ನೋರು ಬಂದು ಎತ್ತಾಕ್ಕೊಂಡು ಹೋದ್ರಂತೆ.’ ಎತ್ತು, ಹಾಕು, ಕೊಳ್ಳು, ಹೋಗು, ನಾಲ್ಕು ಕ್ರಿಯಾಪದ ಒಂದರ ಬೆನ್ನಿಗೊಂದು. ಮರುದಿನ ಪತ್ರಿಕೆಯಲ್ಲಿ ಅದೇ ಸುದ್ದಿ ‘ಪೊಲೀಸರು ಆರೋಪಿಯನ್ನು ಬಂಧಿಸಿದರು’ ಅಂತ ಬರುತ್ತದೆ. ಇಂಗ್ಲಿಷ್ ಪತ್ರಿಕೆಯಲ್ಲಿ ‘ಅರೆಸ್ಟೆಡ್’ ಅಂತ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಾವು ಕಲಿತ ಇಂಗ್ಲಿಷಿನ ಒಂದು ದೊಡ್ಡ ಗುಟ್ಟು ಇಲ್ಲಿದೆ. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ, ಫ್ರೆಂಚ್ ಆಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಮೇಲೆ ಬಹಳ ಕಾಲ ಅರಮನೆಯಲ್ಲಿ, ಕೋರ್ಟಿನಲ್ಲಿ ಫ್ರೆಂಚ್ ನಡೆಯಿತು. ಚರ್ಚಿನಲ್ಲಿ, ವಿದ್ಯೆಯಲ್ಲಿ ಲ್ಯಾಟಿನ್ ಇದ್ದೇ ಇತ್ತು. ಹೀಗಾಗಿ ಒಂದೊಂದು ಕೆಲಸಕ್ಕೆ ಎರಡೆರಡು ಮಾತಾದವು. ಮನೆಯಲ್ಲಿ ಆಡುವ ಹಳೇ ಇಂಗ್ಲಿಷಿನ ಚಿಕ್ಕ ಕ್ರಿಯಾಪದ, ಕಚೇರಿಯಲ್ಲಿ ಬರೆಯುವ ಫ್ರೆಂಚ್ ಅಥವಾ ಲ್ಯಾಟಿನ್ ಮೂಲದ ಉದ್ದ ಕ್ರಿಯಾಪದ. ಪಿಕ್ ಅಪ್ ಒಂದರ ಜಾಗದಲ್ಲಿ ಕಲೆಕ್ಟ್, ಅಕ್ವೈರ್, ಡಿಟೆಕ್ಟ್, ರಿಕವರ್, ಅರೆಸ್ಟ್, ರೆಸ್ಯೂಮ್, ಕಾಂಟ್ರ್ಯಾಕ್ಟ್, ಇಷ್ಟನ್ನೂ ಬೇರೆ ಬೇರೆ ಕಡೆ ಇಡಬಹುದು. ಕನ್ನಡದಲ್ಲೂ ಇದೇ ಕಥೆ. ಎತ್ತಾಕ್ಕೊಂಡು ಹೋಗು ಮನೆಯ ಮಾತು, ಬಂಧಿಸು ಬರಹದ ಮಾತು.

ನಮಗೆ ಇಂಗ್ಲಿಷ್ ಬಂದದ್ದು ಪುಸ್ತಕದಿಂದ, ಅರ್ಜಿಯಿಂದ, ಕಚೇರಿಯ ಪತ್ರದಿಂದ. ಹಾಗಾಗಿ ಉದ್ದದ ಪದಗಳು ಮೊದಲು ಬಂದವು, ಅಡುಗೆಮನೆಯ ಮಾತು ಬರಲೇ ಇಲ್ಲ. ನಮ್ಮ ಒಬ್ಬ ಒಳ್ಳೆಯ ವಿದ್ಯಾರ್ಥಿ ‘ಐ ಅಕ್ವೈರ್ಡ್ ಸಮ್ ಹಿಂದಿ’ ಅನ್ನುತ್ತಾನೆ. ವ್ಯಾಕರಣ ಸರಿಯೇ ಇದೆ. ಆದರೆ ಕೇಳಿದವರಿಗೆ, ಟೀ ಅಂಗಡಿಯಲ್ಲಿ ನಿಂತು ‘ನಾನು ಚಹಾ ಸೇವಿಸುತ್ತಿದ್ದೇನೆ’ ಅಂದ ಹಾಗೆ ಅನ್ನಿಸುತ್ತದೆ. ಫ್ರೇಸಲ್ ವರ್ಬ್ ಅಂದರೆ ಕೀಳು ಇಂಗ್ಲಿಷ್, ಉದ್ದದ ಪದವೇ ಮೇಲು ಅಂತ ಇನ್ನೂ ಎಷ್ಟೋ ಕಡೆ ಹೇಳಿಕೊಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ನಮ್ಮ ಹಳ್ಳಿಯ ಮಕ್ಕಳು ಇಂಗ್ಲಿಷ್‌ನಲ್ಲಿ ಬಾಯಿ ಬಿಡಲು ಹೆದರುವುದಕ್ಕೆ ಈ ತಿಳುವಳಿಕೆಯೂ ಒಂದು ಕಾರಣ. ಆಡುವ ಭಾಷೆಯೇ ಕೈಗೆ ಸಿಗದಿದ್ದರೆ ಮಾತು ಹೊರಡುವುದಾದರೂ ಹೇಗೆ?

ಮೊದಲಿಗೆ ಹೇಳಿದ ಗಾಳಿಯ ವಿಷಯಕ್ಕೆ ಈಗ ಸುಲಭವಾಗಿ ಬರಬಹುದು. ಗಾಳಿ, ವ್ಯಾಪಾರ, ರೇಟು, ಆರೋಗ್ಯ, ಇವು ಮುಂದೆ ನಿಂತು, ಹಿಂದೆ ‘ಏನನ್ನು’ ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲದಿದ್ದರೆ, ಅದು ಜೋರಾಯಿತು, ಏರಿತು, ಸುಧಾರಿಸಿತು ಅಂತ. ‘ಸೇಲ್ಸ್ ಪಿಕ್ಡ್ ಅಪ್’, ವ್ಯಾಪಾರ ಕುದುರಿತು. ಕುಸಿದು ಕೆಳಗೆ ಬಿದ್ದದ್ದು ಮೇಲೆ ಎದ್ದಿತು. ಎತ್ತುವವರು ಬೇರೆ ಯಾರೂ ಇಲ್ಲ, ತಾನೇ ಎದ್ದಿತು. ‘ಏನನ್ನು?’ ಅಂತ ಕೇಳಿ ನೋಡುವುದು ಒಳ್ಳೆಯ ಪರೀಕ್ಷೆ. ಉತ್ತರ ಸಿಕ್ಕರೆ ಒಂದು ಗುಂಪಿನ ಅರ್ಥ, ಸಿಗದಿದ್ದರೆ ಇನ್ನೊಂದು ಗುಂಪು. ಫೋನ್ ಒಂದನ್ನು ಮಾತ್ರ ಜ್ಞಾಪಕ ಇಟ್ಟುಕೊಳ್ಳಿ, ಅಲ್ಲಿ ಉತ್ತರ ಬಾಯಲ್ಲಿ ಬರದಿದ್ದರೂ ಮನಸ್ಸಿನಲ್ಲಿ ಇರುತ್ತದೆ.

ಗಾಡಿಯ ಪಿಕಪ್ ಬಗ್ಗೆಯೂ ಹೇಳಬೇಕು. ‘ಇದು ನಾವೇ ಹುಟ್ಟುಹಾಕಿದ ತಪ್ಪು ಇಂಗ್ಲಿಷ್, ಸರಿಯಾದದ್ದು ಆಕ್ಸಿಲರೇಷನ್’ ಅಂತ ಕೆಲವರು ತಿದ್ದುತ್ತಾರೆ. ತಿದ್ದಬೇಕಾಗಿಲ್ಲ. ‘ಪಿಕ್ ಅಪ್ ಸ್ಪೀಡ್’ ಅಂದರೆ ವೇಗ ಹಿಡಿ, ಇದು ಎಲ್ಲ ಕಡೆಯ ಇಂಗ್ಲಿಷಿನಲ್ಲೂ ಇದೆ. ಬೇಗ ವೇಗ ಹಿಡಿಯುವ ಶಕ್ತಿಗೆ ‘ಪಿಕಪ್’ ಅನ್ನುವುದು ಅಮೆರಿಕದ ನಿಘಂಟುಗಳಲ್ಲೇ ಇದೆ. ಗ್ಯಾರೇಜಿನ ನಮ್ಮ ಮೆಕ್ಯಾನಿಕ್ಕುಗಳು ಆಡುತ್ತಿರುವುದು ಸರಿಯಾದ ಮಾತೇ.

ಹೆಸರಾದಾಗ ಮತ್ತು ಕ್ರಿಯೆಯಾದಾಗ ಉಚ್ಚಾರದಲ್ಲಿ ಒಂದು ವ್ಯತ್ಯಾಸ ಇದೆ. ಗಾಡಿಯ ಹೆಸರು ಹೇಳುವಾಗ ಒತ್ತು ‘ಪಿಕ್’ ಮೇಲೆ, ಬರೆಯುವಾಗ ಒಂದೇ ಪದ. ಕ್ರಿಯೆ ಹೇಳುವಾಗ ಬರೆಯುವುದು ಎರಡು ಪದ, ‘ಅಪ್’ ಸ್ಪಷ್ಟವಾಗಿ ಕೇಳಿಸಬೇಕು. ನಾವು ಎರಡನ್ನೂ ‘ಪಿಕಪ್’ ಅಂತ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಒಂದೆರಡು ಸಲ ಬಾಯಿಬಿಟ್ಟು ಹೇಳಿಕೊಂಡರೆ ರೂಢಿಯಾಗುತ್ತದೆ.

ಪದ ಎಲ್ಲಿ ಕೂರಬೇಕು ಅನ್ನುವುದು ಇದಕ್ಕಿಂತ ಮುಖ್ಯ. ‘ಪಿಕ್ ಅಪ್ ದ ಬ್ಯಾಗ್’ ಸರಿ, ‘ಪಿಕ್ ದ ಬ್ಯಾಗ್ ಅಪ್’ ಕೂಡ ಸರಿ. ಆದರೆ ಬ್ಯಾಗ್ ಬದಲು ‘ಇಟ್’, ‘ಹಿಮ್’, ‘ದೆಮ್’ ಬಂದರೆ ಅದು ನಡುವೆಯೇ ಕೂರಬೇಕು. ‘ಪಿಕ್ ಇಟ್ ಅಪ್’. ‘ಪಿಕ್ ಅಪ್ ಇಟ್’ ಅನ್ನುವಂತಿಲ್ಲ. ಒಂದು ಮಾತನ್ನು ಎರಡಾಗಿ ಸೀಳಿ ನಡುವೆ ಇನ್ನೊಂದನ್ನು ತೂರಿಸುವುದು ವಿಚಿತ್ರ ಅನ್ನಿಸಬಹುದು. ನಮ್ಮಲ್ಲೂ ಇದೆ, ಗಮನಿಸಿರುವುದಿಲ್ಲ ಅಷ್ಟೇ. ‘ಹೊಡೆದುಬಿಟ್ಟ’ ಅನ್ನುವುದರ ನಡುವೆ ಒಂದು ‘ಏ’ ಹಾಕಿ. ‘ಹೊಡೆದೇಬಿಟ್ಟ!’ ಸಿಕ್ಸರ್ ಬಿದ್ದಾಗ ಕಾಮೆಂಟರಿಯಲ್ಲಿ ಕೇಳುತ್ತೀರಿ. ಆ ‘ಏ’ಯನ್ನು ಕೊನೆಗೆ ಹಾಕಿ ‘ಹೊಡೆದುಬಿಟ್ಟನೇ’ ಅಂದರೆ ಅದು ಪ್ರಶ್ನೆಯಾಗುತ್ತದೆ. ಜಾಗ ಬದಲಾದರೆ ಮಾತೇ ಬದಲಾಗುತ್ತದೆ ಅನ್ನುವುದು ನಮಗೆ ಹುಟ್ಟಿದಾಗಿನಿಂದ ಗೊತ್ತು.

ಹಾಗಾದರೆ ಕಲಿಯುವುದು ಹೇಗೆ? ಅರ್ಥಗಳ ಪಟ್ಟಿ ಬರೆದು ಉರುಹೊಡೆಯುವುದು ಬೇಡ. ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಮೆಲೊಡಿ ಗಾರ್ನಿಯೆ ಮತ್ತು ನಾರ್ಬರ್ಟ್ ಶ್ಮಿಟ್ 2015ರಲ್ಲಿ ಒಂದು ಉಪಕಾರದ ಕೆಲಸ ಮಾಡಿದರು. ತುಂಬಾ ಬಳಕೆಯಲ್ಲಿರುವ 150 ಫ್ರೇಸಲ್ ವರ್ಬ್ ಆರಿಸಿಕೊಂಡು, ಪ್ರತಿಯೊಂದರಲ್ಲೂ ಜನ ನಿಜವಾಗಿ ಹೆಚ್ಚು ಬಳಸುವ ಅರ್ಥ ಯಾವುದು ಅಂತ ಲೆಕ್ಕ ಹಾಕಿದರು. ಒಟ್ಟು 288 ಅರ್ಥ ಸಾಕಾಯಿತು. ಒಂದೊಂದಕ್ಕೆ ಸುಮಾರು ಎರಡು. ನಿಘಂಟಿನಲ್ಲಿ ಹದಿನೈದು ಅರ್ಥ ಕಂಡು ಎದೆಗುಂದುವವರಿಗೆ ಇದು ಧೈರ್ಯ ಕೊಡುವ ಲೆಕ್ಕ. ಮೊದಲು ಎರಡು ಅರ್ಥ ಕೈವಶ ಮಾಡಿಕೊಳ್ಳಿ, ಮಿಕ್ಕವು ಎದುರಾದಾಗ ಪಕ್ಕದ ಪದ ನೋಡಿ ಊಹಿಸಿ.

ಬರೆದಿಟ್ಟುಕೊಳ್ಳುವಾಗ ‘ಪಿಕ್ ಅಪ್’ ಅಂತ ಒಂಟಿಯಾಗಿ ಬರೆಯಬೇಡಿ. ಜೊತೆಗಾರನನ್ನು ಸೇರಿಸಿ ಬರೆಯಿರಿ. ‘ಪಿಕ್ ಅಪ್ ದ ಫೋನ್’, ‘ಪಿಕ್ ಅಪ್ ಎ ಲ್ಯಾಂಗ್ವೇಜ್’, ‘ದ ವಿಂಡ್ ಪಿಕ್ಸ್ ಅಪ್’. ಶಿಕ್ಷಕರಿಗೆ ನನ್ನದೊಂದು ಕೋರಿಕೆ. ಈ ಪಾಠ ಮಾಡುವ ಮೊದಲು ಒಂದು ಪಿರಿಯಡ್ ಪೂರ್ತಿ ‘ಹಿಡಿ’ಗೆ ಕೊಡಿ. ಮಕ್ಕಳಿಂದಲೇ ವಾಕ್ಯ ಹೇಳಿಸಿ, ಬೋರ್ಡ್ ತುಂಬಿಸಿ. ಕನ್ನಡದಲ್ಲಿ ತಮಗೆ ಇಷ್ಟು ಗೊತ್ತು ಅನ್ನುವುದು ಅವರಿಗೆ ಕಾಣಲಿ. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಆಡಬಾರದು ಅನ್ನುವ ನಿಯಮವನ್ನು ಆ ಒಂದು ಪಿರಿಯಡ್ ಮಟ್ಟಿಗಾದರೂ ಬಿಡಬೇಕು. ನನ್ನ ಕೇಳಿದರೆ ಅದಕ್ಕಿಂತ ಜಾಸ್ತಿಯೇ ಬಿಡಬೇಕು.

ಮಾತಿನ ಕೊನೆಗೆ ಒಬ್ಬ ವಿದ್ಯಾರ್ಥಿನಿ ಕೇಳಿದರು, ಕೆಲಸದ ಅರ್ಜಿಯಲ್ಲಿ, ಪರೀಕ್ಷೆಯಲ್ಲಿ ‘ಪಿಕ್ ಅಪ್’ ಬರೆಯಬಹುದಾ ಅಂತ. ಜಾಗ ನೋಡಿ ಬರೆಯಬಹುದು. ಸಂದರ್ಶನದಲ್ಲಿ ಮಾತಾಡುವಾಗ ‘ಅಪ್ಪನ ಅಂಗಡಿಯಲ್ಲಿ ಕೂತು ಲೆಕ್ಕಪತ್ರ ಕಲಿತೆ’ ಅನ್ನಲು ‘ಐ ಪಿಕ್ಡ್ ಅಪ್ ಅಕೌಂಟಿಂಗ್ ಇನ್ ಮೈ ಫಾದರ್ಸ್ ಶಾಪ್’ ಅಂದರೆ ಸಹಜವಾಗಿರುತ್ತದೆ, ಕೇಳಿದವರಿಗೆ ನೀವು ಕೆಲಸದ ನಡುವೆ ಬೆಳೆದವರು ಅಂತ ಗೊತ್ತಾಗುತ್ತದೆ. ಅರ್ಜಿಯಲ್ಲಿ ಪದವಿಯ ಬಗ್ಗೆ ಬರೆಯುವಾಗ ಅದು ಬೇಡ, ‘ಕಂಪ್ಲೀಟೆಡ್’ ಸಾಕು. ವಿಜ್ಞಾನದ ಉತ್ತರದಲ್ಲಿ ಉಪಕರಣ ಸಂಕೇತವನ್ನು ಹಿಡಿಯಿತು ಅನ್ನಲು ‘ಡಿಟೆಕ್ಟೆಡ್’ ಬರೆಯಿರಿ. ಅದೇ ಉಪಕರಣದ ಬಗ್ಗೆ ಲ್ಯಾಬಿನಲ್ಲಿ ಗೆಳತಿಗೆ ಹೇಳುವಾಗ ‘ಇಟ್ಸ್ ನಾಟ್ ಪಿಕಿಂಗ್ ಅಪ್ ಎನಿಥಿಂಗ್’ ಅನ್ನಿ.